ಅಪ್ಪ-ಅಮ್ಮನೂ ಸಂಗೀತದವರು, ಮಕ್ಳೂ ಸಂಗೀತದವರು: ನಮ್ಮ ಕಾಸರಗೋಡು ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದೆಲ್ಲ ಯಕ್ಷಗಾನ ಆಟದ ಚೌಕಿಲಿ (ವೇಷ ಕಟ್ಟುವ ಜಾಗ), ಮದುವೆ ಮನೆಯ ಊಟದ ಪಂಕ್ತಿಲಿ, ಮಕ್ಳನ್ನು ಕ್ಲಾಸಿಗೆ ಬಿಡ್ಲಿಕ್ಕೆ ಬಂದ ಅಪ್ಪ ಅಮ್ಮಂದಿರ ಬಾಯಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳು. ಭಾಗವತರ (ಯಕ್ಷಗಾನದಲ್ಲಿ ಪದ ಹಾಡುವವರ) ಮನೆ, ಚೆಂಡೆ-ಮದ್ದಳೆಯವರ ಮನೆ, ಕರ್ನಾಟಕ ಸಂಗೀತ ಹೇಳಿಕೊಡುವವರ ಮನೆ, ಸ್ಯಾಕ್ಸಫೋನಿನವರ ಮನೆ, ಭಜನೆಗೆ ಹಾರ್ಮೋನಿಯಂ ಹಿಡಿಯುವವರ ಮನೆ ಹೀಗೆ ಕುಂಬಳೆಯಿಂದ ಅಡೂರಿನವರೆಗೆ ಇಂಥ ಮನೆಗಳು ತುಂಬ ಉಂಟು, ಮತ್ತೆ ಎಲ್ಲರ ಮನೆಯ ಜಗಳವೂ ಹೆಚ್ಚುಕಮ್ಮಿ ಒಂದೇ ರೀತಿದ್ದು. ಹಾಗಾಗಿ ಒಂದು ಕಡೆ ಬರ್ದಿಡುವ ಅಂತ ಕಂಡಿತು.

ಮಗುವಿಗೆ ನಾನೇ ಕಲಿಸ್ತಾ ಇದ್ದೇನೆ. ಮತ್ತೆ ಈ “ಒಟ್ಟಿಗೆ ಸಂಗೀತ ಮಾಡುದು” ಅಂದ್ರೆ ಬೇರೆ ಎಂತ?

ಬೇರೆಯೇ. ಕಲಿಸುವಾಗ ಸರಿ ಯಾವುದು ತಪ್ಪು ಯಾವುದು ಅಂತ ನಿಮಗೆ ಮೊದ್ಲೇ ಗೊತ್ತಿರ್ತದೆ, ಮಗುವನ್ನು ಅಲ್ಲಿಗೆ ತಲುಪಿಸುದು ಮಾತ್ರ ಕೆಲಸ. ಒಟ್ಟಿಗೆ ಮಾಡುವಾಗ ಇಬ್ಬರಿಗೂ ಗೊತ್ತಿರುದಿಲ್ಲ, ಇಬ್ಬರೂ ಹುಡುಕ್ಬೇಕು. ನಮ್ಮ ಕಡೆ ಕಲಿಸುವ ಮನೆಗಳು ಬೇಕಾದಷ್ಟು ಉಂಟು, ಆದ್ರೆ ಅಪ್ಪನೂ ಮಗಳೂ ಕೂತು ಒಂದು ಹೊಸ ಮಟ್ಟು (ಹಾಡಿನ ಧಾಟಿ) ಕಟ್ಟಿದ ಮನೆಗಳು ತುಂಬ ಕಮ್ಮಿ, ಇದು ನನಗೆ ನಿಜವಾಗಿ ಬೇಜಾರಿನ ವಿಷಯ, ಯಾಕಂದ್ರೆ ಒಂದೇ ಸೂರಿನಡಿ ಎರಡು ತಲೆಮಾರಿನ ಕಿವಿ ಸಿಗುದು ಅಷ್ಟು ಸುಲಭದ ಭಾಗ್ಯ ಅಲ್ಲ.

ಎಲ್ಲಿಂದ ಶುರು ಮಾಡುದು ಅಂತ ಕೇಳಿದ್ರೆ, ಯಕ್ಷಗಾನದ ಮನೆಯಾದ್ರೆ ಒಂದು ಭಾಮಿನಿ ಬರೀಲಿಕ್ಕೆ ಮಗುವಿಗೆ ಹೇಳಿ. ಭಾಮಿನಿ ಷಟ್ಪದಿಯ ಲೆಕ್ಕ ಗಟ್ಟಿ ಉಂಟಲ್ಲ, ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು-ನಾಲ್ಕು-ಮೂರು-ನಾಲ್ಕು ಅಂತ 14 ಮಾತ್ರೆ, ಮೂರನೇ ಮತ್ತು ಆರನೇ ಸಾಲಿಗೆ ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಲೆಕ್ಕ ಹಾಕಿ ಬರೀಲಿಕ್ಕೆ ಹೈಸ್ಕೂಲಿನ ಮಕ್ಳಿಗೂ ಆಗ್ತದೆ. ಭಾಮಿನಿಯನ್ನು ಸಾಮಾನ್ಯ ತಾಳ ಇಲ್ಲದೆ ಹೇಳುದು, ಅಂದ್ರೆ ಯಾವ ರಾಗ, ಎಲ್ಲಿ ಎಳೆಯುದು, ಎಲ್ಲಿ ನಿಲ್ಲಿಸುದು ಎಲ್ಲ ಹೇಳುವವರ ಕೈಲಿ. ಸಾಹಿತ್ಯ ಮಗುವಿಂದು, ರಾಗ ನಿಮ್ಮದು, ಆಮೇಲೆ ಅದನ್ನೇ ಉಲ್ಟಾ ಮಾಡಿ ನೋಡಿ.

ಜರ್ಮನಿಯ ಸಂಗೀತಗಾರ ಬಾಖ್ 1720ರಲ್ಲಿ ತನ್ನ ದೊಡ್ಡ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಒಂದು ನೋಟ್‌ಬುಕ್ ಶುರು ಮಾಡಿ ಕೊಟ್ಟಿದ್ರು, ಮಗನಿಗೆ ಆಗ 9 ವರ್ಷ. ಅದರಲ್ಲಿ ಅಪ್ಪನ ಕೈಬರಹವೂ ಉಂಟು ಮಗನದ್ದೂ ಉಂಟು. ಅಪ್ಪನ ಪುಸ್ತಕಕ್ಕೆ ಮಗ ಕೈ ಹಾಕ್ಬಾರ್ದು ಅಂತ ಕಪಾಟಿಗೆ ಬೀಗ ಹಾಕಿಡುವ ಮನೆಗಳಿಗೆ ನಾನು ಇದನ್ನೇ ಹೇಳುದು.

ಸ್ವಂತ ಮಗುವಿಗೆ ನಾವೇ ಗುರುವಾಗುದು ಒಳ್ಳೇದಾ, ಅಥವಾ ಬೇರೆಯವರ ಹತ್ರ ಕಳಿಸ್ಬೇಕಾ?

ಎರಡೂ ರೀತಿಲಿ ದೊಡ್ಡ ಕಲಾವಿದರು ಬಂದಿದ್ದಾರೆ, ಆದ್ರೆ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು ಗಂಗೂಬಾಯಿ ಹಾನಗಲ್ (1913-2009) ಅವರ ತಾಯಿ ಅಂಬಾಬಾಯಿಯ ಕಥೆ. ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆ ಹಾಡುಗಾರ್ತಿ. ಮಗಳ ಮನಸ್ಸು ಹಿಂದೂಸ್ತಾನಿ ಕಡೆ ಹೋಯ್ತು ಅಂತ ಗೊತ್ತಾದಾಗ, ತನ್ನ ಹಾಡು ಕಿವಿಗೆ ಬಿದ್ದು ಮಗಳ ಶೈಲಿ ಕಲಸಿಹೋಗ್ಬಾರ್ದು ಅಂತ ತಾನು ಹಾಡುದನ್ನೇ ಬಿಟ್ಟುಬಿಟ್ರು. ಮುಂದೆ ಗಂಗೂಬಾಯಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ರ ಕಲಿತದ್ದು ಎಲ್ಲರಿಗೂ ಗೊತ್ತುಂಟು. ಕಲಿಸದೆಯೂ ಒಬ್ಬ ತಾಯಿ ಮಗಳ ಸಂಗೀತಕ್ಕೆ ಇಷ್ಟು ದೊಡ್ಡ ಪಾಲು ಕೊಡ್ಬಹುದು ಅಂತ ನನಗೆ ಗೊತ್ತಾದದ್ದು ಇದನ್ನು ಓದಿದ ಮೇಲೆ. ಆದ್ರೆ ಇವತ್ತು ಯಾವ ಅಮ್ಮನೂ ಹಾಡು ಬಿಡ್ಬೇಕು ಅಂತ ನಾನು ಖಂಡಿತ ಹೇಳುದಿಲ್ಲ, ಬಿಡುವ ಪರಿಸ್ಥಿತಿ ಬಂದ್ರೆ ಅದು ಯಾವಾಗ್ಲೂ ಅಮ್ಮಂದಿರಿಗೇ ಬರ್ತದೆ, ಅಪ್ಪಂದಿರಿಗೆ ಬರುದಿಲ್ಲ, ಅದೂ ಯೋಚನೆ ಮಾಡುವ ವಿಷಯವೇ.

ವ್ಯವಹಾರಕ್ಕೆ ಹೇಳುದಾದ್ರೆ ಸರಳೆ, ಜಂಟಿವರಸೆ, ಅಲಂಕಾರದವರೆಗೆ, ಅಥವಾ ಚೆಂಡೆಯಾದ್ರೆ ಮೊದಲ ಪಾಠಗಳವರೆಗೆ ಮನೇಲೇ ಆಗ್ಲಿ, ಆಮೇಲೆ ಹೊರಗಿನ ಗುರುಗಳ ಹತ್ರ ಕಳಿಸಿ. ಹೊರಗಿನ ಗುರುಗಳು ಹೇಳಿದ ಪಾಠವನ್ನು ಮನೇಲಿ ತಿದ್ಲಿಕ್ಕೆ ಹೋಗ್ಬೇಡಿ. “ಅವರು ಹಾಗೆ ಹೇಳಿದ್ರಾ, ನಮ್ಮಲ್ಲಿ ಹೀಗೆ” ಅಂತ ಒಂದು ಮಾತು ಸಾಕು, ಮಗುವಿಗೆ ಇಬ್ಬರ ಮೇಲೂ ನಂಬಿಕೆ ಹೋಗ್ತದೆ.

ಮಗ ನನ್ನ ಹಾಗೇ ಪದ ಹೇಳ್ತಾನೆ. ಜನ “ಅಪ್ಪನ ನಕಲು” ಅಂತಾರೆ. ಬದಲಿಸ್ಬೇಕಾ?

ಇದಕ್ಕೆ ಬಲಿಪರ ಮನೆಯನ್ನೇ ನೋಡುವ, ನಮ್ಮದೇ ಜಿಲ್ಲೆಯ ಪಡ್ರೆಯಿಂದ ಹೊರಟ ಮನೆ. 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಕಲಿತದ್ದು ಅಜ್ಜನ ಹತ್ರ, ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತ. ಹೆಸರೂ ಒಂದೇ, ಶೈಲಿಯೂ ಅಜ್ಜನದ್ದೇ, ಆದ್ರೂ ಯಾರೂ ಅವರನ್ನು ನಕಲು ಅಂತ ಹೇಳ್ಲಿಲ್ಲ. ಯಾಕೆ? ಆ ಏರು ಶ್ರುತಿಯ ಹಳೇ ಮಟ್ಟುಗಳನ್ನು ಇಟ್ಟುಕೊಂಡೇ ಅವರು ಸ್ವಂತ ಪ್ರಸಂಗ (ಆಟದ ಕಥೆಯನ್ನು ಪದಗಳಲ್ಲಿ ಕಟ್ಟಿದ್ದು) ಬರೆದ್ರು, ಐದು ದಿನದ ದೇವಿ ಮಹಾತ್ಮೆ ಕಟ್ಟಿದ್ರು. ಶೈಲಿ ಮನೆಯದ್ದು, ಅದರೊಳಗೆ ಮಾಡಿದ ಕೆಲಸ ಅವರದ್ದು. ಆಮೇಲೆ ಅವರ ಮಕ್ಳೂ ಭಾಗವತಿಕೆಗೆ ಬಂದ್ರು, ಮಗ ಪ್ರಸಾದ ಬಲಿಪರು ಅಪ್ಪನಿಗಿಂತ ಒಂದು ವರ್ಷ ಮೊದ್ಲೇ, 2022ರಲ್ಲಿ ಹೋದದ್ದು ಎಲ್ಲರಿಗೂ ದೊಡ್ಡ ದುಃಖ ಆಗಿತ್ತು.

ಹಾಗಾಗಿ ಮಗ ನಿಮ್ಮ ಹಾಗೆ ಹೇಳ್ತಾನೆ ಅಂದ್ರೆ ಹೇಳ್ಲಿ ಬಿಡಿ, ಮೊದಲಿಗೆ ಅದೇ ಬರ್ಬೇಕಾದ್ದು. ಯೋಚನೆ ಮಾಡ್ಬೇಕಾದ್ದು ಬೇರೆ ಒಂದು ಕಡೆ: ನೀವು ಹೇಳದ ಪ್ರಸಂಗ ಅವನ ಕೈಗೆ ಬಂದಾಗ, ನಿಮ್ಮ ಮಟ್ಟು ಇಲ್ಲದ ಪದಕ್ಕೆ ಅವನು ಎಂತ ಮಾಡ್ತಾನೆ? ಅಲ್ಲಿ ನಿಮಗೆ ಫೋನ್ ಮಾಡಿ ಕೇಳ್ತಾನಾ, ಅಥವಾ ತಾನೇ ಒಂದು ದಾರಿ ಹಿಡಿತಾನಾ? ಫೋನ್ ಬಂದ್ರೆ ಸೀದ ಉತ್ತರ ಕೊಡ್ಬೇಡಿ, “ನಿನಗೆ ಎಂತ ಕಾಣ್ತದೆ ಮಾಣಿ, ಹೇಳು ಕೇಳುವ” ಅಂತ ಹೇಳಿ.

ಮಗನಿಗೆ ಶಾಸ್ತ್ರೀಯ ಬೇಡ, ಸಿನಿಮಾ ಮ್ಯೂಸಿಕ್, ಬ್ಯಾಂಡು, ರೀಲ್ಸು. ನಮ್ಮ ಪರಂಪರೆ ಇಲ್ಲಿಗೆ ಮುಗೀತಾ?

ಇಲ್ಲ. ಪಕ್ಕದ ಬಂಟ್ವಾಳ ತಾಲೂಕಿನ ಸಜೀಪಮೂಡದ ಒಂದೇ ಮನೆ ನೋಡಿ ಸಾಕು. ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗ ಕದ್ರಿ ಗೋಪಾಲನಾಥರು (1949-2019) ಮೊದ್ಲು ಅಪ್ಪನ ಹತ್ರ ನಾಗಸ್ವರವನ್ನೇ ಕಲಿತವರು, ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಅದಕ್ಕೆ ಮರುಳಾಗಿ, ಗಮಕ (ಸ್ವರದ ಬಳುಕು) ಬರುವ ಹಾಗೆ ವಾದ್ಯದಲ್ಲೇ ಬದಲಾವಣೆ ಮಾಡಿಸಿ, ಕರ್ನಾಟಕ ಸಂಗೀತಕ್ಕೆ ಅದನ್ನು ತಂದ್ರು. ಅವರ ಮಗ ಮಣಿಕಾಂತ್ ಕದ್ರಿ ಸಿನಿಮಾ ಸಂಗೀತ ನಿರ್ದೇಶಕರು. ಮೂರು ತಲೆಮಾರು, ಮೂರು ಬೇರೆ ಬೇರೆ ಕೆಲಸ, ಆದ್ರೆ ಪ್ರತಿಯೊಬ್ಬರೂ ಹಿಂದಿನವರಿಂದ ಎಂತಾದ್ರೂ ಎತ್ತಿಕೊಂಡೇ ಹೋದದ್ದು. ಇವತ್ತು ನಮ್ಮ ಕಡೆ ದೇವಸ್ಥಾನದ ಉತ್ಸವಕ್ಕೆ, ಮದುವೆಗೆ ಸ್ಯಾಕ್ಸಫೋನ್ ಇಲ್ಲದಿದ್ರೆ ಕಳೆ ಇಲ್ಲ ಅಂತ ಆಗಿದೆಯಲ್ಲ, ತನಿಯಪ್ಪನವರ ಕಾಲದಲ್ಲಿ ಯಾರು ಎಣಿಸಿದ್ರು ಇದನ್ನು?

ಅಪ್ಪ ಅಡ್ಡ ಹಾಕಿದ್ರೂ ಹೋಗುವವರು ಹೋಗ್ತಾರೆ. ವಿಯೆನ್ನಾದ ಸಂಗೀತಗಾರ ದೊಡ್ಡ ಯೋಹಾನ್ ಸ್ಟ್ರಾಸ್‌ಗೆ ಮಗ ಸಂಗೀತಕ್ಕೆ ಬರುದೇ ಇಷ್ಟ ಇರ್ಲಿಲ್ಲ, ಮಗ 1844ರಲ್ಲಿ ಸ್ವಂತ ವಾದ್ಯಮೇಳ ಕಟ್ಟಿ ಅಪ್ಪನಿಗೇ ಎದುರಾಳಿ ಆಗಿ ನಿಂತ. ಅಡ್ಡ ಹಾಕಿದ್ರಿಂದ ಅಪ್ಪನಿಗೆ ಸಿಕ್ಕಿದ್ದು ಎಂತ, ಮಗನ ಒಟ್ಟಿಗೆ ಕೂರುವ ಅವಕಾಶ ಕೈತಪ್ಪಿತು ಅಷ್ಟೆ.

ನೀವು ಮಾಡ್ಬಹುದಾದ್ದು ಒಂದುಂಟು. ಮಗನ ಕಂಪ್ಯೂಟರಿನ ಎದುರು ಹೋಗಿ ಕೂತು ಅವನು ಮಾಡಿದ ಟ್ರ್ಯಾಕಿಗೆ ನಿಮ್ಮ ಮದ್ದಳೆ ನುಡಿಸಿ ಕೊಡಿ. ಹೆಡ್‌ಫೋನ್ ಹಾಕ್ಕೊಂಡು ಕ್ಲಿಕ್ಕಿಗೆ (ಲಯಕ್ಕೆ ಬರುವ ಟಿಕ್ ಟಿಕ್ ಸದ್ದಿಗೆ) ಸರಿಯಾಗಿ ನುಡಿಸುದು ಹಳಬರಿಗೆ ಕಷ್ಟ ಆಗ್ತದೆ, ಅಲ್ಲಿ ಮಗ ನಿಮಗೆ ಹೇಳಿಕೊಡ್ಲಿ. ಆ ಒಂದು ಮಧ್ಯಾಹ್ನ ನೀವು ಶಿಷ್ಯ.

ಅಪ್ಪನ ಶ್ರುತಿ ಬೇರೆ, ಮಗಳ ಶ್ರುತಿ ಬೇರೆ. ಒಟ್ಟಿಗೆ ಹಾಡುದು ಹೇಗೆ?

ಬಹಳ ಜನ ಇಲ್ಲೇ ಕೈ ಬಿಡುದು. ಗಂಡಸರ ಸ್ವರ ಸಾಮಾನ್ಯ ಒಂದರಿಂದ ಎರಡು ಕಟ್ಟೆ (ಶ್ರುತಿಯ ಎತ್ತರದ ಅಳತೆ), ಹೆಂಗಸರದ್ದು ಐದರಿಂದ ಆರರ ಒಳಗೆ, ಭಾಗವತರದ್ದು ಬೇರೆಯೇ ಲೆಕ್ಕ. ಒಬ್ಬರ ಶ್ರುತಿಗೆ ಇನ್ನೊಬ್ಬರನ್ನು ಎಳೆದ್ರೆ ಒಬ್ಬರ ಗಂಟಲು ಹೋಗ್ತದೆ, ಮತ್ತೆ ಎಳೆಯುದು ಯಾವಾಗ್ಲೂ ಮಗಳನ್ನೇ, ಕೆಳಗೆ ಹಾಡಿ ಹಾಡಿ ಅವಳ ತಾರಸ್ಥಾಯಿಯೇ ತೆರೆಯುದಿಲ್ಲ.

ಆದ್ರೆ ಈ ವ್ಯತ್ಯಾಸದಲ್ಲೇ ಒಂದು ಚಂದ ಉಂಟು, ಕೇಳಿ. ಅಪ್ಪ ಒಂದು ಕಟ್ಟೆಲಿ, ಮಗಳು ಐದು ಕಟ್ಟೆಲಿ ಅಂತ ಇಟ್ಟುಕೊಳ್ಳಿ. ಅಪ್ಪನ ಪಂಚಮವೇ (ಪ) ಮಗಳ ಷಡ್ಜ (ಸ). ಈಗ ಅಪ್ಪ ಮೋಹನ ರಾಗ ಹಾಡ್ಲಿ. ಅದೇ ಐದು ಸ್ವರಸ್ಥಾನಗಳನ್ನು ಮಗಳು ತನ್ನ ಷಡ್ಜದಿಂದ ನೋಡಿದ್ರೆ ಸ ರಿ ಮ ಪ ದ, ಅಂದ್ರೆ ಶುದ್ಧ ಸಾವೇರಿ! ಹಾರ್ಮೋನಿಯಂನಲ್ಲಿ ಒಂದೇ ಐದು ಮನೆ, ರಾಗ ಎರಡು. ಗ್ರಹಭೇದ ಅಂತ ಇದನ್ನು ವಿದ್ವಾಂಸರು ಕಛೇರಿಲಿ ಒಂದು ನಿಮಿಷ ತೋರಿಸಿ ಬಿಡ್ತಾರೆ, ಆದ್ರೆ ಅಪ್ಪ-ಮಗಳ ಜೋಡಿಗೆ ಇದು ದೇವರು ಕೊಟ್ಟದ್ದು. ಒಂದೇ ಸಲ ಹಾಡ್ಬೇಡಿ, ಕಿವಿಗೆ ಗಲಿಬಿಲಿ ಆಗ್ತದೆ, ಸರದಿ ಮೇಲೆ ಹಾಡಿ, ಅಪ್ಪ ಪಂಚಮದಲ್ಲಿ ನಿಲ್ಲಿಸಿದಲ್ಲಿಂದ ಮಗಳು ಷಡ್ಜ ಅಂತ ಎತ್ತಿಕೊಳ್ಳಿ, ಶ್ರುತಿಪೆಟ್ಟಿಗೆಯನ್ನು ಮುಟ್ಟುದೇ ಬೇಡ, ಅಪ್ಪನ ಷಡ್ಜ-ಪಂಚಮ ಮಗಳಿಗೆ ಮಧ್ಯಮ-ಷಡ್ಜ ಆಗಿ ಕೇಳ್ತದೆ. ಹೀಗೆ ಹಾಡುವಾಗ ಮಗಳು ಅಪ್ಪನ ಸ್ವರದ ಕೆಳಗೆ ಅಡಗುದಿಲ್ಲ, ಅವಳಿಗೆ ಅವಳದ್ದೇ ರಾಗ ಉಂಟು. ನಾನು ನೋಡಿದ ಮಟ್ಟಿಗೆ ಮಕ್ಳ ಮುಖ ಅರಳುದು ಇಂಥಲ್ಲೇ.

ಮಗನ ಸ್ವರ ಒಡೆದಿದೆ, ಹಾಡ್ಲಿಕ್ಕೆ ಆಗುದಿಲ್ಲ ಅಂತ ಅಳ್ತಾನೆ.

12ರಿಂದ 16 ವರ್ಷದ ಒಳಗೆ ಗಂಟಲಿನ ಪೆಟ್ಟಿಗೆ ದೊಡ್ಡದಾಗ್ತದೆ, ಸ್ವರತಂತುಗಳು ಉದ್ದ ಆಗ್ತವೆ, ಸ್ವರ ಸುಮಾರು ಒಂದು ಸ್ಥಾಯಿ ಕೆಳಗಿಳೀತದೆ. ರೋಗ ಅಲ್ಲ ಅದು. ಏರು ಶ್ರುತಿಗೆ ಒತ್ತಾಯ ಮಾಡ್ಬೇಡಿ, ಕಲೋತ್ಸವ (ಶಾಲೆಯ ಕಲಾಸ್ಪರ್ಧೆ) ಹತ್ತಿರ ಉಂಟು ಅಂತ ಕೂಡ ಬೇಡ. ಆ ಸಮಯ ಮದ್ದಳೆಗೆ, ಚೆಂಡೆಗೆ, ಮೃದಂಗಕ್ಕೆ, ಪ್ರಸಂಗ ಓದಿ ಅರ್ಥ ಮಾಡಿಕೊಳ್ಳುದಕ್ಕೆ ಕೊಡಿ. ಅಪ್ಪ ಪದ ಹೇಳಿದ್ದಕ್ಕೆ ಮಗ ಮದ್ದಳೆ ಹಿಡಿಯುವ ವರ್ಷಗಳು ಇವು, ತಾಳ ತಿಳಿದ ಭಾಗವತ ಆಗಿ ವಾಪಸ್ ಬರ್ತಾನೆ.

ವೇದಿಕೆಯಲ್ಲಿ ಮಗ ತಪ್ಪಿದ್ರೆ ಅಲ್ಲೇ ತಿದ್ದುದು ಸರಿಯಾ?

ದಯವಿಟ್ಟು ಮಾಡ್ಬೇಡಿ. ಜಾಗಟೆ ಹಿಡಿದ ಕೈಯಲ್ಲಿ ಮಗನ ತೊಡೆಗೆ ತಟ್ಟುದು, ಮೈಕಿನ ಎದುರು ತಲೆ ಆಡಿಸುದು, ಪ್ರೇಕ್ಷಕರಿಗೆ ಕಾಣುವ ಹಾಗೆ ಮುಖ ಸಿಂಡರಿಸುದು, ಇದೆಲ್ಲ ನೋಡುವಾಗ ಹೊಟ್ಟೆ ಉರಿತದೆ. ಬೇರೆಯವರ ಮಗ ತಪ್ಪಿದ್ರೆ ನೀವು ಹಾಗೆ ಮಾಡುದಿಲ್ಲವಲ್ಲ, ಹಿಮ್ಮೇಳದಲ್ಲಿ ಸುಧಾರಿಸಿಕೊಂಡು ಹೋಗ್ತೀರಿ, ಅಷ್ಟು ಮರ್ಯಾದೆ ಸ್ವಂತ ಮಗನಿಗೂ ಸಿಗ್ಲಿ. ವೇದಿಕೆ ಹತ್ತಿದ ಮೇಲೆ ಅವನು ಸಹ-ಕಲಾವಿದ. ತಪ್ಪಿದ್ದನ್ನು ಮರುದಿನ ಹೇಳಿ, ಅದೂ ಚಹಾ ಎಲ್ಲ ಕುಡಿದಾದ ಮೇಲೆ.

ಇನ್ನೊಂದು ವಿಷಯ ಇದಕ್ಕೇ ಸೇರಿದ್ದು. ಎಷ್ಟು ವರ್ಷ ಮಗು ನಿಮ್ಮ ಹಿಂದೆಯೇ ಕೂರ್ಬೇಕು? ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್ ವರ್ಷಗಟ್ಟಲೆ ಅಮ್ಮನ ಹಿಂದೆ ಕೂತು ಸ್ವರ ಕೊಟ್ಟವರು, ಅಮ್ಮನಿಗಿಂತ ಮೊದ್ಲೇ 2004ರಲ್ಲಿ ತೀರಿಕೊಂಡ್ರು. ಆ ಜೋಡಿಯ ಹಾಡು ಕೇಳುವಾಗ ಒಬ್ಬರ ಉಸಿರು ಮುಗಿದಲ್ಲಿ ಇನ್ನೊಬ್ಬರದ್ದು ಶುರುವಾಗುದು ಗೊತ್ತಾಗ್ತದೆ, ಅಷ್ಟು ಹೊಂದಿಕೆ. ಆದ್ರೆ ಎಲ್ಲ ಮಕ್ಳಿಗೂ ಅದೇ ದಾರಿ ಆಗ್ಬೇಕು ಅಂತ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಒಟ್ಟಿಗೆ ಕಾರ್ಯಕ್ರಮ ಮಾಡುವ ಮನೆಗಳು ಮಧ್ಯದಲ್ಲಿ ಒಂದೊಂದು ಸಲ ಜಾಗ ಅದಲು ಬದಲು ಮಾಡ್ಲೇಬೇಕು, ಮಗಳು ಮುಂದೆ ಅಮ್ಮ ಹಿಂದೆ. ಹಿಂದೆ ಕೂತಾಗ ಅಮ್ಮನಿಗೂ ಮಗಳ ಸಂಗೀತ ಮೊದಲ ಸಲ ಪೂರ್ತಿ ಕೇಳ್ತದೆ.

ಮಗಳಿಗೆ ಭಾಗವತಿಕೆ, ಚೆಂಡೆ ಎಲ್ಲ ಕಲಿಸ್ಬಹುದಾ? ಮನೆಯ ಹಿರಿಯರು ಬೇಡ ಅಂತಾರೆ.

ಕಲಿಸಿ. ನಮ್ಮ ಮಧೂರಿನಲ್ಲೇ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು (1947-2024) ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಮೊದಲ ವೃತ್ತಿಪರ ಮಹಿಳಾ ಭಾಗವತರು, ಮದುವೆ ಆದ ಮೇಲೆ ಗಂಡ ಹರಿನಾರಾಯಣ ಬೈಪಾಡಿತ್ತಾಯರ ಹತ್ರ ಯಕ್ಷಗಾನ ಕಲಿತು ರಾತ್ರಿಯಿಡೀ ಪದ ಹೇಳಿದವರು. ಅವರ ನಂತರವೂ ಈ ಪ್ರಶ್ನೆ ಬರ್ತಾ ಉಂಟಲ್ಲ ಅಂತ ನನಗೆ ಸಂಕಟ.

ಮೊಜಾರ್ಟನ ಅಕ್ಕ ನಾನರ್ಲ್ (1751-1829) ಕಥೆ ಎಲ್ಲ ಅಪ್ಪಂದಿರು ತಿಳ್ಕೊಳ್ಬೇಕು. ಸಣ್ಣದಿರುವಾಗ ತಮ್ಮನ ಒಟ್ಟಿಗೆ ಯುರೋಪಿನ ಅರಮನೆಗಳಲ್ಲಿ ನುಡಿಸಿ ಹೊಗಳಿಸಿಕೊಂಡವಳು, ಮದುವೆಯ ವಯಸ್ಸು ಬಂದ ಕೂಡ್ಲೇ ಅಪ್ಪ ಲಿಯೋಪೋಲ್ಡ್ ತಮ್ಮನನ್ನು ಮಾತ್ರ ತಿರುಗಾಟಕ್ಕೆ ಕರ್ಕೊಂಡು ಹೋದ, ಅವಳು ಮನೇಲಿ ಉಳಿದಳು. ಒಂದೇ ಅಪ್ಪ, ಒಂದೇ ಪಾಠ. ಎಂತೆಲ್ಲ ಸಂಗೀತ ಆ ಮನೇಲೇ ನಿಂತುಹೋಯ್ತೋ.

ನಮ್ಮಮ್ಮ ವೇದಿಕೆ ಹತ್ತಿದವರಲ್ಲ, ಪಾಡ್ದನ (ತುಳುವಿನ ಕಥೆ ಹಾಡು) ಹೇಳ್ತಾರೆ, ಶೋಭಾನೆ (ಮದುವೆಯ ಹಾಡು) ಹೇಳ್ತಾರೆ ಅಷ್ಟೆ. ಇದೆಲ್ಲ ಅವರಿಗೂ ಅನ್ವಯ ಆಗ್ತದಾ?

ಅವರಿಗೇ ಮೊದ್ಲು. ಭೂತಕೋಲದ ಕಳದಲ್ಲಿ ತೆಂಬರೆ (ಸಣ್ಣ ಚರ್ಮವಾದ್ಯ) ಬಾರಿಸ್ತಾ ಪಾಡ್ದನ ಹೇಳುವ ಅಮ್ಮನ ಪಕ್ಕ ಮಗಳು ನಿಂತು ದನಿಗೂಡಿಸ್ತಾಳಲ್ಲ, ಗದ್ದೆಲಿ ನೇಜಿ (ಭತ್ತದ ಸಸಿ) ನೆಡುವಾಗ ಒಬ್ಬರು ಸಾಲು ಎತ್ತಿ ಉಳಿದವರು ಹಿಡಿತಾರಲ್ಲ, ಅಲ್ಲಿ ಕಲಿಯುದಕ್ಕೂ ಮಾಡುದಕ್ಕೂ ಮಧ್ಯ ಗೋಡೆಯೇ ಇಲ್ಲ. ಇವತ್ತಿದ್ದ ಸಾಲು ನಾಳೆ ಸ್ವಲ್ಪ ಬೇರೆ, ಹೇಳುವವರು ಬೆಳೆಸ್ತಾ ಹೋಗ್ತಾರೆ. ಕ್ಲಾಸಿಗೆ ಹೋಗಿ ಕಲಿತ ನಾವು ಅವರ ಹತ್ರ ಕೂತು ನೋಡ್ಬೇಕಾದ್ದು ತುಂಬ ಉಂಟು.

ಮಗು ಇಂಗ್ಲಿಷ್ ಮೀಡಿಯಂ, ಪದವನ್ನು ಮಲಯಾಳಂ ಲಿಪಿಲಿ ಬರ್ಕೊಂಡು ಹಾಡ್ತದೆ. ಪರ್ವಾಗಿಲ್ವಾ?

ಲಿಪಿಯಿಂದ ಸಂಗೀತ ಹಾಳಾಗುದಿಲ್ಲ. ಅರ್ಥ ಗೊತ್ತಿಲ್ಲದೆ ಹಾಡಿದ್ರೆ ಮಾತ್ರ ಹಾಳು, ಶಬ್ದವನ್ನು ಎಲ್ಲೆಲ್ಲೋ ಮುರಿದು ಉಸಿರು ತೆಗೀತಾರೆ, ಸಿಟ್ಟಿನ ಪದಕ್ಕೂ ದುಃಖದ ಪದಕ್ಕೂ ಒಂದೇ ಭಾವ. ಆದ್ರೆ ಅಪ್ಪನ ಒಟ್ಟಿಗೆ ಹೊಸ ಪದ ಕಟ್ಬೇಕು, ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪದಗಳನ್ನು ಓದಿ ತಾನೇ ಮಟ್ಟು ಹಾಕ್ಬೇಕು ಅಂತಾದ್ರೆ ಕನ್ನಡ ಓದ್ಲಿಕ್ಕೆ ಬರ್ಲೇಬೇಕು, ಬೇರೆ ದಾರಿ ಇಲ್ಲ. ಶಾಲೆಲಿ ಸಿಗದಿದ್ರೆ ಪ್ರಸಂಗ ಪುಸ್ತಕವನ್ನೇ ಪಠ್ಯಪುಸ್ತಕ ಮಾಡಿ ಮನೇಲಿ ಕಲಿಸಿ. ಮಗುವಿಗೆ ಮಲಯಾಳಂ, ತುಳು ಚೆನ್ನಾಗಿ ಬರ್ತದೆ ಅಂದ್ರೆ ಆ ಭಾಷೆಗಳಲ್ಲೂ ಬರೀಲಿ, ಅಪ್ಪ ಮಟ್ಟು ಹಾಕ್ಲಿ, ನಮ್ಮ ಜಿಲ್ಲೆಲಿ ಹುಟ್ಟಿದ್ದಕ್ಕೆ ಸಿಕ್ಕಿದ ಸೌಕರ್ಯ ಅದು.

ಶಾಲಾ ಕಲೋತ್ಸವಕ್ಕೆ ನಾನೇ ತಯಾರಿ ಮಾಡಿಸ್ಬಹುದಾ?

ಮಾಡಿಸಿ, ಯಕ್ಷಗಾನವೂ ಅಲ್ಲಿ ಸ್ಪರ್ಧೆಯ ಐಟಮ್ ಆಗಿರುದು ನಮಗೆ ದೊಡ್ಡ ಉಪಕಾರವೇ. ಗ್ರೇಡು, ಗ್ರೇಸ್ ಮಾರ್ಕ್ ಸಿಕ್ಕಿದ ಮೇಲೆ ಸಂಗೀತ ನಿಲ್ಲದ ಹಾಗೆ ನೋಡ್ಕೊಳ್ಳಿ.

ಮಗುವಿಗೆ ಸಂಗೀತವೇ ಬೇಡ ಅಂದ್ರೆ?

ಬಿಡಿ. ಕೇಳುವವನಾಗಿ ಉಳೀಲಿ.

ಅಪ್ಪ ಮಟ್ಟು ಹಾಕಿದ್ದು, ನಾನು ಹಾಡಿದ್ದು, ಯೂಟ್ಯೂಬಿಗೆ ಹಾಕಿದ್ದು. ಹಕ್ಕು ಯಾರದ್ದು?

ಮನೆಯೊಳಗೆ ಈ ಮಾತು ಎತ್ಲಿಕ್ಕೆ ಎಲ್ಲರಿಗೂ ಸಂಕೋಚ, ಮತ್ತೆ ಅಪ್ಪ ಹೋದ ಮೇಲೆ ಅಣ್ಣ ತಮ್ಮಂದಿರು ಮುಖ ನೋಡದ ಹಾಗೆ ಆಗ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಾಹಿತ್ಯದ ಹಕ್ಕು ಬರೆದವರದ್ದು, ಮಟ್ಟಿನ ಹಕ್ಕು ಸಂಯೋಜನೆ ಮಾಡಿದವರದ್ದು, ಅವರ ಜೀವಮಾನ ಮತ್ತೆ ತೀರಿಕೊಂಡ ಮೇಲೆ 60 ವರ್ಷ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಬೇರೆ ಉಂಟು, ಅದು 50 ವರ್ಷ. ರೆಕಾರ್ಡಿಂಗ್ ಮಾಡಿಸಿದ ನಿರ್ಮಾಪಕರಿಗೆ ಆ ರೆಕಾರ್ಡಿಂಗಿನ ಹಕ್ಕು. ಪುರಂದರದಾಸರ ಸಾಹಿತ್ಯ ಎಲ್ಲರದ್ದೂ ಹೌದು, ಆದ್ರೆ ಅದಕ್ಕೆ ನಿಮ್ಮಪ್ಪ ಹಾಕಿದ ಹೊಸ ಮಟ್ಟು ನಿಮ್ಮಪ್ಪನದ್ದು. ಅಪ್ಪನ ನಂತರ ಉಯಿಲು ಇಲ್ಲದಿದ್ರೆ ಅದು ವಾರಸುದಾರರಿಗೆಲ್ಲ ಹೋಗ್ತದೆ, ಹಾಡುವ ಮಗನಿಗೆ ಒಬ್ಬನಿಗೇ ಅಲ್ಲ. ಹಾಗಾಗಿ ವಿಡಿಯೋ ಕೆಳಗೆ “ಸಾಹಿತ್ಯ ಇವರದ್ದು, ರಾಗ ಸಂಯೋಜನೆ ಇವರದ್ದು, ಹಾಡಿದ್ದು ಇವರು” ಅಂತ ಸ್ಪಷ್ಟ ಹೆಸರು ಹಾಕಿ, ಮನೆಯವರೇ ಆದ್ರೂ. ಮಗಳು ಒಂದು ಸಂಗತಿ (ಅದೇ ಸಾಲನ್ನು ಬೇರೆ ರೀತಿ ಹಾಡುದು) ಹೊಸತು ಸೇರಿಸಿದ್ರೆ ಅವಳ ಹೆಸರೂ ಬರ್ಲಿ. ಅವಳಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ದೊಡ್ಡವರಿಗೆ ಅಂದಾಜಾಗುದಿಲ್ಲ.

ಅಪ್ಪನಿಗೆ ವಯಸ್ಸಾಯ್ತು. ಅವರಲ್ಲಿದ್ದದ್ದನ್ನು ಉಳಿಸಿಕೊಳ್ಳುದು ಹೇಗೆ?

ಇವತ್ತೇ ಶುರು ಮಾಡಿ, ಫೋನಿನಲ್ಲಿ ಆದ್ರೂ ಸಾಕು. ಫ್ಯಾನ್ ಆಫ್ ಮಾಡಿ, ಶ್ರುತಿ ಇಟ್ಟು, ಪ್ರತಿ ಪದದ ಮೊದ್ಲು ಪ್ರಸಂಗದ ಹೆಸರು, ರಾಗ, ತಾಳ, ಯಾರಿಂದ ಕಲಿತದ್ದು ಅಂತ ಅವರ ಬಾಯಲ್ಲೇ ಹೇಳಿಸಿ. ಒಂದು ಪದಕ್ಕೆ ಒಂದು ಫೈಲು, ಫೈಲಿಗೆ ಪದದ ಮೊದಲ ಸಾಲಿನ ಹೆಸರು ಕೊಡಿ, ಇಲ್ಲದಿದ್ರೆ ಮುಂದೆ ಹುಡುಕ್ಲಿಕ್ಕೆ ಸಿಗುದಿಲ್ಲ. ಎರಡು ಕಡೆ ಕಾಪಿ ಇಡಿ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಮಾಡಿ, ವಯಸ್ಸಾದವರ ಸ್ವರ ಬೆಳಿಗ್ಗೆ ಬೇರೆ ಸಂಜೆ ಬೇರೆ, ಯಾವ ಹೊತ್ತಿಗೆ ಚೆನ್ನಾಗಿ ಬರ್ತದೆ ಅಂತ ನಿಮಗೇ ಗೊತ್ತುಂಟು. ನಡುವೆ ಮರೆತು ನಿಲ್ಲಿಸಿದ್ರೆ ರೆಕಾರ್ಡಿಂಗ್ ನಿಲ್ಲಿಸ್ಬೇಡಿ, ಹುಡುಕಿಕೊಳ್ತಾ ಹೇಳುವ ಮಾತಿನಲ್ಲೇ ಎಷ್ಟೋ ಗುಟ್ಟು ಹೊರಗೆ ಬರ್ತದೆ.

ಮೊಮ್ಮಕ್ಳನ್ನು ಹತ್ರ ಕೂರಿಸಿ, ಮಗನಿಗೆ ಹೇಳದ್ದನ್ನು ಅಜ್ಜಂದಿರು ಮೊಮ್ಮಕ್ಳಿಗೆ ಹೇಳ್ತಾರೆ. ಮತ್ತೆ, ಎಲ್ಲರಿಗೂ ಗೊತ್ತಿರುವ ಪದಗಳು ಆಮೇಲೆ ಆಗ್ಲಿ. ಅಪ್ಪ ಅರ್ಧ ಮಾಡಿ ಬಿಟ್ಟ ಮಟ್ಟುಗಳು, ಪಲ್ಲವಿ ಮಾತ್ರ ಆಗಿ ಚರಣ ಆಗದ್ದು, ರಾಗ ಸರಿ ಕಾಣಲಿಲ್ಲ ಅಂತ ಬದಿಗಿಟ್ಟದ್ದು, ಅದನ್ನು ಮೊದ್ಲು ಕೇಳಿ ರೆಕಾರ್ಡ್ ಮಾಡಿ, ಯಾಕಂದ್ರೆ ಅದು ಬೇರೆ ಯಾರ ಹತ್ರವೂ ಇಲ್ಲ, ಮತ್ತೆ ಉಳಿದ ಅರ್ಧ ಹೇಗೆ ಮಾಡುವ ಅಂತ ಅವರ ಹತ್ರವೇ ಕೂತು ಕೇಳ್ಲಿಕ್ಕೆ ನಿಮಗೆ ಈಗ ಆಗ್ತದೆ.